ನಿದ್ದೆಗೆಡಿಸುವ ಊರಲ್ಲಿ ನಿದ್ದೆಯ ವ್ಯಾಪಾರ

ಪಕ್ಕದ ತೋಟದ ಹೋಂಸ್ಟೇ ಮುಂದೆ ಹೊಸ ಬೋರ್ಡ್ ಎದ್ದಿದೆ. ‘ನಿದ್ದೆ ಪ್ಯಾಕೇಜ್: ಎರಡು ರಾತ್ರಿ, ಮೂರು ಹಗಲು.’ ನಾನದನ್ನು ಓದಿದ್ದು ರಾತ್ರಿ ಎರಡೂವರೆಗೆ, ಟಾರ್ಚ್ ಬೆಳಕಲ್ಲಿ. ನನಗೆ ನೆಟ್ಟಗೆ ನಿದ್ದೆ ಬಂದು ಎಂಟು ತಿಂಗಳಾಯ್ತು.

ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮ ಕೊಡಗು. ಅದರಲ್ಲೂ ರೊಬಸ್ಟಾ ಜಾತಿಯದೇ ಜಾಸ್ತಿ. ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್ ಅದರಲ್ಲಿ. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲೇ ಓಡಾಡುತ್ತಿರುತ್ತದೆ. ಅಂದರೆ ಹೊರಗಿನವರ ನಿದ್ದೆ ಕೆಡಿಸುವುದೇ ನಮ್ಮ ಕಸುಬು. ಈಗ ಅವರಿಗೇ ನಿದ್ದೆಯನ್ನೂ ಮಾರುತ್ತಿದ್ದೇವೆ!

ನನ್ನ ನಿದ್ದೆ ಹಾರಿದ್ದು ಫೆಬ್ರವರಿಯಲ್ಲಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಬಿಡಬೇಕು, ಮೋಟಾರಿಗೆ ತ್ರೀ ಫೇಸ್ ಕರೆಂಟ್ ಬೇಕು, ತ್ರೀ ಫೇಸ್ ಬರುವುದು ನಡುರಾತ್ರಿ. ಹೂವು ಮುಗಿಯಿತು ಅನ್ನುವಷ್ಟರಲ್ಲಿ ಹಲಸು ಹಣ್ಣಾಯಿತು, ಆನೆ ಬಂತು, ಆನೆ ಹಿಂದೆ ಅದನ್ನೋಡಿಸುವ ಪಟಾಕಿ ಬಂತು. ಆಮೇಲೆ ಮಳೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ, ಹಂಚಿನ ಮೇಲೆ ಮಳೆ ಜೋರಾದರೆ ನಮ್ಮ ಕಡೆ ಯಾರೂ ಕಣ್ಣು ಮುಚ್ಚುವುದಿಲ್ಲ. ಇದರಲ್ಲಿ ತಮಾಷೆ ಹುಡುಕಲು ನನಗೆ ಮನಸ್ಸಿಲ್ಲ, ಮುಂದೆ ಹೋಗೋಣ.

ಮೆಡಿಕಲ್ ಶಾಪಿಗೆ ಹೋದೆ. ಹುಡುಗ ನನ್ನ ಕಣ್ಣು ನೋಡಿದವನೇ, “ನಿದ್ದೆಗಾ ಅಣ್ಣ?” ಎಂದು ಡಬ್ಬಿಯೊಂದನ್ನು ಇಟ್ಟ. ಸ್ಟ್ರಾಬೆರಿ ರುಚಿಯ ಮೆಲಟೋನಿನ್ ಮಿಠಾಯಿ. ಕತ್ತಲಾದರೆ ನಮ್ಮ ಮಿದುಳು ಪುಕ್ಕಟೆ ತಯಾರಿಸುವ ಮಾಲು ಅದು. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ಮೂರು ದಿನ ಪತ್ತೆ ಇರುವುದಿಲ್ಲ, ಕತ್ತಲೆಗೆ ನಮ್ಮಲ್ಲಿ ಬರವೇ? ಆದರೂ ದುಡ್ಡು ಕೊಟ್ಟು ತಂದೆ. ಆ ಡಬ್ಬಿ ಮೇಲಿನ ಸಣ್ಣಕ್ಷರವನ್ನು ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ಬೆಳಕಲ್ಲಿ ಓದಿದೆ. ಆ ಬೆಳಕಿಗೇ ಮಿದುಳು ಮೆಲಟೋನಿನ್ ತಯಾರಿ ತಗ್ಗಿಸುತ್ತದೆ ಅಂತ ಆಮೇಲೆ ಗೊತ್ತಾಯಿತು.

ಮುಂದಿನ ಸಲ ಹುಡುಗ ನೆಗಡಿ ಮಾತ್ರೆ ಕೊಟ್ಟ. “ನೆಗಡಿ ಇಲ್ವಲ್ಲಪ್ಪ?” ಅಂದೆ. “ಇಲ್ದಿದ್ರೆ ಇನ್ನೂ ಒಳ್ಳೇದು, ಪೂರ್ತಿ ನಿದ್ದೆಗೇ ಹೋಗುತ್ತೆ” ಅಂದ. ಮೂರು ರಾತ್ರಿ ಸ್ವರ್ಗ. ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ಗೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ಕೆಲವೇ ದಿನಕ್ಕೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಒಂದು ಎರಡಾಯಿತು. ಬೆಳಗ್ಗೆ ಬಾಯಿ ಒಣ, ತಲೆ ಭಾರ. ಆ ಮಂಪರು ಇಳಿಸಲು ಎರಡು ಲೋಟ ರೊಬಸ್ಟಾ. ಆ ರೊಬಸ್ಟಾ ಇಳಿಸಲು ರಾತ್ರಿ ಮತ್ತೆ ಮಾತ್ರೆ.

ಖಾಸಾ ನಿದ್ದೆ ಮಾತ್ರೆಗಳಿಗೆ ಮಾತ್ರ ಕಾನೂನು ಬಲು ಬಿಗಿ. 2014ರಿಂದ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು ಬೇರೆಯದೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ನನ್ನ ನೆಗಡಿ ಮಾತ್ರೆಗೆ ಹೆಸರೂ ಇಲ್ಲ, ಚೀಟಿಯೂ ಇಲ್ಲ. ಕೊಡವರು ಮತ್ತಿತರ ಕೆಲವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವ ಜಿಲ್ಲೆ ನಮ್ಮದು, ಅದಕ್ಕಾದರೂ ವಿನಾಯಿತಿ ಪತ್ರ ಅಂತ ಒಂದಿದೆ.

ಮೊನ್ನೆ ಮದುವೆ ಮನೆಯಲ್ಲಿ ನಿದ್ದೆ ಇಲ್ಲ ಅಂತ ಬಾಯಿಬಿಟ್ಟೆ. ವೀಳ್ಯದೆಲೆ ಚಾಚಿದ ಹಾಗೆ ನಾಲ್ಕು ಜೇಬಿನಿಂದ ನಾಲ್ಕು ಸ್ಟ್ರಿಪ್ ಹೊರಬಂದವು. ಡಾಕ್ಟರಲ್ಲಿಗೂ ಹೋಗಿದ್ದೆ. ಸಂಜೆ ಕಾಫಿ ಬಿಡಿ, ದಿನಾ ಒಂದೇ ಹೊತ್ತಿಗೆ ಏಳಿ, ಹಾಸಿಗೆಯಲ್ಲಿ ಸುಮ್ನೆ ಹೊರಳಬೇಡಿ ಅಂದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. “ಅವರು ಅಷ್ಟು ಓದಿದವರಲ್ಲ ಕಾಣುತ್ತೆ” ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದರು.

ನಿನ್ನೆ ನಡುರಾತ್ರಿ ಬೇಲಿ ಹತ್ತಿರ ಯಾರೋ ನಿಂತಿದ್ದರು. ನಿದ್ದೆ ಪ್ಯಾಕೇಜಿನ ಬೆಂಗಳೂರು ಹುಡುಗ. ಬೆಳಗಿನ ಜಾವ ನಾಲ್ಕಕ್ಕೆ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಂತೆ, ಸೂರ್ಯೋದಯ ನೋಡುವುದೂ ಪ್ಯಾಕೇಜಿನಲ್ಲೇ ಸೇರಿದೆ.

“ಅಂಕಲ್, ಹತ್ತಿರ ಮೆಡಿಕಲ್ ಶಾಪ್ ಇದ್ಯಾ? ಇಲ್ಲಿ ಒಂದು ಚೂರೂ ಸದ್ದಿಲ್ಲ. ನಿದ್ದೇನೇ ಬರ್ತಿಲ್ಲ.”

“ಸ್ವಲ್ಪ ತಾಳಪ್ಪ,” ಅಂದೆ, “ಇನ್ನೇನು ಆನೆ ಪಟಾಕಿ ಶುರುವಾಗುತ್ತೆ.”