ಹರಟೆಯನ್ನೇ ಓಡಿಸಿಬಿಟ್ಟರೆ ಆ ಸಿನಿಮಾದಲ್ಲಿ ಉಳಿಯುವುದೇನು?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಊರಿಂದ ಅಕ್ಕನ ಮಗ ಬಂದಿದ್ದ. ಖುಷಿಯಿಂದ ಪಕ್ಕದಲ್ಲಿ ಕೂರಿಸಿಕೊಂಡು ‘ಗನ್ಸ್ ಅಂಡ್ ಟಾಕ್ಸ್’ ಹಾಕಿದೆ. 2001ರ ಕೊರಿಯನ್ ಸಿನಿಮಾ, ಜಾಂಗ್ ಜಿನ್ ನಿರ್ದೇಶನ. ನನಗೆ ಅದೆಷ್ಟು ಇಷ್ಟ ಅಂತ ಇಲ್ಲಿನ ಹಳಬರಿಗೆ ಗೊತ್ತು. ಹತ್ತು ನಿಮಿಷ ಆಗಿರಲಿಲ್ಲ, ರಿಮೋಟ್ ಅವನ ಕೈಗೆ ಹೋಯಿತು. ಯಾರಾದರೂ ಕೂತು ಮಾತಾಡಲು ಶುರು ಮಾಡಿದರೆ ಸಾಕು, ಟಕ್ ಟಕ್ ಅಂತ ಮುಂದಕ್ಕೆ. “ಮಾಮಾ, ಬರೀ ಮಾತು. ಗನ್ ಯಾವಾಗ ಬರುತ್ತೆ?”

ಅಲ್ವೋ, ಕೊರಿಯನ್ನಿನಲ್ಲಿ ಆ ಸಿನಿಮಾದ ಹೆಸರೇ ‘ಕೊಲೆಗಾರರ ಹರಟೆ’ ಅಂತ!

ಸೋಲ್ ನಗರದಲ್ಲಿ ಒಂದೇ ಮನೆಯಲ್ಲಿರುವ ನಾಲ್ವರು. ದುಡ್ಡು ತೆಗೆದುಕೊಂಡು ಕೊಲ್ಲುವುದು ಅವರ ಕೆಲಸ. ಆದರೆ ಬೆಳಗಾದರೆ ನಾಲ್ವರೂ ಟಿವಿ ಮುಂದೆ ಹಾಜರ್, ನ್ಯೂಸ್ ಓದುವ ಹುಡುಗಿಯನ್ನು ನೋಡಲು. ಆ ಮುಖಗಳನ್ನು ನೋಡಬೇಕು ನೀವು! ಬಾಂಬ್ ಇಡುವವನು, ಅಂದರೆ ನಟ ಶಿನ್ ಹಾ-ಕ್ಯುನ್, ಕೊಲ್ಲಬೇಕಾದ ಬಸುರಿಯನ್ನೇ ಪ್ರೀತಿಸಿಬಿಡುತ್ತಾನೆ. ಆಗ ನಾಲ್ವರಲ್ಲಿ ಚಿಕ್ಕವನು ವೊನ್ ಬಿನ್ ಪ್ರೀತಿ ಅಂದರೆ ಏನು ಅಂತ ಅಣ್ಣಂದಿರಿಗೆ ಉದ್ದಕ್ಕೆ ಹೇಳುತ್ತಾ ಹೋಗುತ್ತಾನಲ್ಲ, ಅದು ವೊನ್ ಬಿನ್‌ನ ಮೊದಲ ಸಿನಿಮಾ ಅಂದರೆ ನಂಬಲಾಗುವುದಿಲ್ಲ, ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತದೆ. ನಮ್ಮ ಹುಡುಗ ಅದನ್ನೂ ಓಡಿಸಿದ. ಅದನ್ನೂ!

“ಕೊಲೆಗಾರರನ್ನು ಒಳ್ಳೆಯವರ ಹಾಗೆ ತೋರಿಸೋದು ತಪ್ಪಲ್ವಾ” ಅಂತ ನೀವು ಕೇಳಬಹುದು. ಕೇಳುವಂಥ ಮಾತೇ. ಆದರೆ ಆ ದೇಶದಲ್ಲಿ ಬೇಟೆ ಬಂದೂಕನ್ನೂ ಪೊಲೀಸ್ ಠಾಣೆಯಲ್ಲಿ ಇಡಬೇಕು. ಊರ ನಡುವೆ ದೂರದಿಂದ ಗುರಿಯಿಟ್ಟು ಹೊಡೆಯುವವನು ಅಲ್ಲಿಯವರಿಗೆ ಕಟ್ಟುಕತೆ, ಒಂದೇ ಮನೆಯಲ್ಲಿ ಜಗಳ ಆಡಿಕೊಂಡು ಉಣ್ಣುವ ನಾಲ್ವರು ಮಾತ್ರ ಗುರುತಿನವರು. ಜಾಂಗ್ ಜಿನ್ ನಾಟಕ ಬರೆದು ಬಂದವನು, ಕೊನೆಯ ದೊಡ್ಡ ಕೊಲೆಯನ್ನೂ ‘ಹ್ಯಾಮ್ಲೆಟ್’ ನಡೆಯುವ ರಂಗಮಂದಿರದಲ್ಲೇ ಇಟ್ಟಿದ್ದಾನೆ. ಮಾತು ಅವನಿಗೆ ಉಸಿರು. ಅದನ್ನು ಓಡಿಸಿ ನೋಡಿದವನಿಗೆ ಯಾರು ಸತ್ತರು ಅಂತ ಗೊತ್ತಾಗಬಹುದು, ಹೊಡೆದವನು ಎಂಥವನು ಅಂತ ಗೊತ್ತಾಗುವುದಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ವಿಜಯನಗರದ ಆ ರೂಮಿನಲ್ಲಿ ನಾವೂ ನಾಲ್ವರಿದ್ದೆವು. ಒಂದೇ ಬಚ್ಚಲು, ಒಂದೇ ಹೀಟರ್ ಕಾಯಿಲ್, ಬಕೆಟ್ ಸರದಿಗೆ ದಿನಾ ಜಗಳ. ಆ ವರ್ಷ ಆಫೀಸಿನಲ್ಲಿ ಏನು ಮಾಡಿದೆ ಅಂತ ಕೇಳಿದರೆ ನೆನಪಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಸುಮ್ನೆ ಆಡಿದ ಮಾತು ಒಂದೊಂದೂ ನೆನಪಿದೆ. ನಾಲ್ವರೂ ಈಗ ಒಂದೊಂದು ಊರು. ಸಿನಿಮಾ ಹಾಕಿದಾಗಲೆಲ್ಲ ನಾನು ಆ ರೂಮಿಗೆ ಹೋಗಿ ಕೂರುತ್ತೇನೆ.

ಅವನಿಗೆ ಬೆಳಗ್ಗೆ ಕಾಫಿ ಕೊಡುವಾಗ ಇದನ್ನೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, “ಆ ರೂಮಲ್ಲಿ ಅಡುಗೆ ಯಾರು ಮಾಡ್ತಿದ್ರು ಮಾಮಾ?” ಅಂದ. ಹೇಳುತ್ತಾ ಕೂತೆವು, ಅವನ ಒಂಬತ್ತರ ಬಸ್ಸು ತಪ್ಪಿಹೋಯಿತು.