ಸಿಗಡಿಗೂ ಒಂದು ಹಾಡು

ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಎಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರೂ ಕರೆದು ಕೊಡುತ್ತಿದ್ದರು. ಸಿನಿಮಾದಲ್ಲಿ ಮಾಡಿದ ಕೆಲಸಗಳ ಅನುಭವ ಅಷ್ಟಿತ್ತು. ಬೆಳೆಗೆ ಔಷಧಿ ಹೊಡೆಯುವ ವಿಮಾನದ ಪೈಲಟ್. ಹೆಲಿಕಾಪ್ಟರ್ ಪೈಲಟ್. ರೇಸ್ ಕಾರಿನ ಚಾಲಕ, ಅದೂ ಒಂದಲ್ಲ ಮೂರು ಸಲ. ಹೋಟೆಲಿನ ಈಜುಕೊಳದಲ್ಲಿ ಮುಳುಗುವವರನ್ನು ಎತ್ತುವವ. ಮೀನಿನ ದೋಣಿ ನಡೆಸುವವ. ನೌಕಾಪಡೆಯಲ್ಲಿ ಮುಳುಗಿ ಬಾಂಬು ತೆಗೆಯುವವ. ಸಾಲದ್ದಕ್ಕೆ ಕೊನೆಯಲ್ಲಿ ಡಾಕ್ಟರು. ಆದರೆ ಎಲ್ಲಿ ಸೇರಿದರೂ ಒಂದೇ ಚಾಳಿ. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬಿಟ್ಟು ಹಾಡುತ್ತಾನೆ. ಆಕಾಶದಲ್ಲಿ ಹೆಲಿಕಾಪ್ಟರ್ ಓಡಿಸುತ್ತಿದ್ದರೂ ಅಷ್ಟೇ, ಪಕ್ಕದಲ್ಲಿ ಕೂತ ನಾಯಿಗಳಿಗೆ ಹಾಡು. ವಾದ್ಯ ನುಡಿಸುವವರು ಎಲ್ಲಿ ಕೂತಿದ್ದಾರೆ ಅಂತ ಕೇಳಬೇಡಿ. ಆ ಪ್ರಶ್ನೆ ಕೇಳುವ ಹಕ್ಕು ಕನ್ನಡ ಸಿನಿಮಾ ನೋಡುವ ನಮಗಂತೂ ಇಲ್ಲ.

1956ರಿಂದ 1969ರವರೆಗೆ ಒಟ್ಟು 31 ಕಥಾಚಿತ್ರಗಳು. ಶುರುವಿನಲ್ಲಿ ಹೀಗಿರಲಿಲ್ಲ. 1958ರ 'ಕಿಂಗ್ ಕ್ರಿಯೋಲ್' ನಿರ್ದೇಶಿಸಿದ್ದು 'ಕಾಸಾಬ್ಲಾಂಕಾ' ಮಾಡಿದ ಮೈಕೆಲ್ ಕರ್ಟಿಜ್. ಹುಡುಗನಿಗೆ ನಟನೆ ಬರುತ್ತದೆ ಅಂತ ಜನ ಒಪ್ಪಿಕೊಂಡಿದ್ದರು. ಆಮೇಲೆ ಎರಡು ವರ್ಷ ಸೇನೆಯಲ್ಲಿ ಕಳೆದು 1960ರಲ್ಲಿ ವಾಪಸ್ ಬಂದ. ಹಾಡು ಕಮ್ಮಿ, ಕಥೆ ಜಾಸ್ತಿ ಇದ್ದ ಎರಡು ಚಿತ್ರಗಳಲ್ಲಿ ನಟಿಸಿದ. ಗಲ್ಲಾಪೆಟ್ಟಿಗೆ ಅಷ್ಟಾಗಿ ತುಂಬಲಿಲ್ಲ. 1961ರಲ್ಲಿ 'ಬ್ಲೂ ಹವಾಯಿ' ಬಂತು. ಕಡಲತೀರ, ಹುಡುಗಿಯರು, 14 ಹಾಡು. ಕಥೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಅದರ ರೆಕಾರ್ಡು 20 ವಾರ ಅಮೆರಿಕದಲ್ಲಿ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ. ಮುಂದಿನ ಏಳೆಂಟು ವರ್ಷದ ಹಣೆಬರಹ ಅವತ್ತೇ ಬರೆದಾಯಿತು.

ಬರೆದವರು ಕರ್ನಲ್ ಟಾಮ್ ಪಾರ್ಕರ್, ಎಲ್ವಿಸ್‌ನ ಮ್ಯಾನೇಜರು. ಕರ್ನಲ್ ಅಂದ ತಕ್ಷಣ ಯುದ್ಧಭೂಮಿ ನೆನಪಿಸಿಕೊಳ್ಳಬೇಡಿ. 1948ರಲ್ಲಿ ಲೂಸಿಯಾನಾದ ಗವರ್ನರ್ ದಯಪಾಲಿಸಿದ ಗೌರವ ಪದವಿ ಅದು, ನಮ್ಮಲ್ಲಿ ಕೆಲವರ ಹೆಸರಿನ ಮುಂದೆ ರಾತ್ರೋರಾತ್ರಿ ಬಂದು ಕೂರುವ 'ಡಾ.' ಇದೆಯಲ್ಲ, ಹಾಗೆ. ಹಾಗಂತ ಟಾಮ್ ಪಾರ್ಕರ್ ಆದರೂ ನಿಜವೇ? ಅದೂ ಅಲ್ಲ. ನೆದರ್ಲೆಂಡ್ಸಿನ ಬ್ರೇಡಾ ಊರಿನಲ್ಲಿ ಹುಟ್ಟಿದಾಗ ಸಾಹೇಬರ ಹೆಸರು ಆಂಡ್ರಿಯಾಸ್ ಕಾರ್ನೆಲಿಸ್ ವಾನ್ ಕೈಕ್. ಕಾಗದಪತ್ರ ಇಲ್ಲದೆ ಅಮೆರಿಕಕ್ಕೆ ಬಂದು, ಜಾತ್ರೆ ತಂಡಗಳ ಜೊತೆ ಊರೂರು ಸುತ್ತಿ ವ್ಯಾಪಾರ ಕಲಿತವರು. ಜಾತ್ರೆಯಲ್ಲಿ ಒಂದು ಆಟ ಓಡಿದರೆ ಯಾರಾದರೂ ಬದಲಾಯಿಸುತ್ತಾರಾ? ಡೇರೆ ಕಿತ್ತು ಪಕ್ಕದ ಊರಲ್ಲಿ ಹಾಕುತ್ತಾರೆ, ಅಷ್ಟೇ.

ಹಾಡುಗಳಾದರೂ ಚೆನ್ನಾಗಿರಬೇಕಿತ್ತು. ಅಲ್ಲಿಯೂ ಒಂದು ವ್ಯವಸ್ಥೆ. ಎಲ್ವಿಸ್ ಹಾಡಬೇಕೆಂದರೆ ಬರೆದವರು ತಮ್ಮ ರಾಯಲ್ಟಿಯಲ್ಲಿ ಒಂದು ಪಾಲು ಬಿಟ್ಟುಕೊಡಬೇಕು. ಒಳ್ಳೆಯದು ಬರೆಯುವವರು ದೂರ ಸರಿದರು. ಉಳಿದವರು ಎಷ್ಟು ಬೇಕಾದರೂ ಬರೆದುಕೊಟ್ಟರು. ಹಾಗಾಗಿ 1962ರ 'ಗರ್ಲ್ಸ್! ಗರ್ಲ್ಸ್! ಗರ್ಲ್ಸ್!' ಚಿತ್ರದಲ್ಲಿ ಒಂದು ಸಿಗಡಿಯ ಹಾಡಿದೆ. ಸಿಗಡಿ ಹಿಡಿಯುವ ಹಾಡಲ್ಲ, ಸಿಗಡಿಯದ್ದೇ ಹಾಡು. ದೋಣಿಯಲ್ಲಿ ಬಿಟ್ಟಿ ಪ್ರಯಾಣ ಇದೆ ಅಂತ ಪೇಪರಿನಲ್ಲಿ ಓದಿಕೊಂಡ ಮರಿ ಸಿಗಡಿಯೊಂದು ಅಪ್ಪ ಅಮ್ಮನಿಗೆ ಟಾಟಾ ಹೇಳಿ ಹೊರಡುತ್ತದೆ. ದೋಣಿ ಮೀನುಗಾರರದ್ದು ಅನ್ನೋದು ಪಾಪ ಅದಕ್ಕೆ ಗೊತ್ತಿಲ್ಲ. ಎಲ್ವಿಸ್ ಇದನ್ನು ನಗದೆ, ರಾಗವಾಗಿ, ಮನಸ್ಸಿಟ್ಟು ಹಾಡುತ್ತಾನೆ. ನಟನೆ ಬರುವುದಿಲ್ಲ ಅಂದ ವಿಮರ್ಶಕರು ಈ ದೃಶ್ಯವನ್ನೊಂದು ನೋಡಬೇಕಿತ್ತು.

ಮರುವರ್ಷದ ಚಿತ್ರದಲ್ಲಿ ಮೆಕ್ಸಿಕೋದ ಅಕಾಪುಲ್ಕೋ. ಎತ್ತರ ಕಂಡರೆ ಹೆದರುವ ಸರ್ಕಸ್ ಕಲಾವಿದ ಕೊನೆಗೆ ಬಂಡೆಯ ತುದಿಯಿಂದ ಸಮುದ್ರಕ್ಕೆ ಹಾರುತ್ತಾನೆ. ಎಲ್ವಿಸ್ ಮಾತ್ರ ಆ ಊರಿಗೆ ಕಾಲೇ ಇಡಲಿಲ್ಲ. ಅಲ್ಲಿ ಡ್ಯೂಪ್ ಓಡಾಡಿದ, ಹಾಲಿವುಡ್ ಸ್ಟುಡಿಯೋದಲ್ಲಿ ಎಲ್ವಿಸ್ ಹಾಡಿದ. ನಮ್ಮವರು ಒಂದೇ ಒಂದು ಹಾಡಿಗೆ ಇಡೀ ಯೂನಿಟ್ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದರು. ಉಳಿತಾಯ ಅಂದರೆ ಏನು ಅಂತ ಗೊತ್ತಿರಲಿಲ್ಲ ನೋಡಿ.

1965ರ 'ಹಾರಮ್ ಸ್ಕಾರಮ್' ಹೊತ್ತಿಗೆ ಉಳಿತಾಯ ಒಂದು ಕಲೆಯೇ ಆಗಿತ್ತು. 18 ದಿನದಲ್ಲಿ ಚಿತ್ರೀಕರಣ ಮುಗಿಯಿತು. ಸೆಟ್ಟು, ಬಟ್ಟೆಬರೆ ಹಳೇ ಸಿನಿಮಾಗಳದ್ದು. ತಲೆಗೆ ಪೇಟ ಸುತ್ತಿಕೊಂಡ ಎಲ್ವಿಸ್, ಯಾರೂ ಹೆಸರೇ ಕೇಳದ ಅರಬ್ ದೇಶವೊಂದರಲ್ಲಿ ಹಾಡುತ್ತಾನೆ. ಚಿತ್ರ ನೋಡಿದ ಕರ್ನಲ್ ಸಾಹೇಬರೇ ಕಂಗಾಲಾದರು. ಮಾತಾಡುವ ಒಂಟೆಯ ಬಾಯಲ್ಲಿ ಕಥೆ ಹೇಳಿಸೋಣ ಅಂದರು. ಆಗ ಜನ ಇದನ್ನು ಬೇಕಂತಲೇ ಮಾಡಿದ ತಮಾಷೆ ಅಂದುಕೊಳ್ಳುತ್ತಾರಲ್ಲ! ಸ್ಟುಡಿಯೋದವರು ಒಪ್ಪಲಿಲ್ಲ. ಅಷ್ಟೂ ಚಿತ್ರಗಳಲ್ಲಿ ಬಂದ ಒಂದೇ ಒಂದು ಒಳ್ಳೆಯ ಐಡಿಯಾ ಹಾಗೆ ಕಸದ ಬುಟ್ಟಿ ಸೇರಿತು.

ನಮಗೆ ಸ್ವಲ್ಪ ಹತ್ತಿರದ ವಿಷಯ 1967ರ 'ಈಸಿ ಕಮ್, ಈಸಿ ಗೋ'. ಅದರಲ್ಲಿ ಯೋಗ ಕ್ಲಾಸು ಬರುತ್ತದೆ. ಟೀಚರ್ ಹೆಸರು ಮೇಡಂ ನೆಹೆರಿನಾ. ಪಾತ್ರ ಮಾಡಿದ ಎಲ್ಸಾ ಲ್ಯಾಂಚೆಸ್ಟರ್ 1935ರಲ್ಲಿ ಫ್ರಾಂಕೆನ್‌ಸ್ಟೈನ್ ಭೂತದ ಮದುಮಗಳಾಗಿದ್ದವರು. ಎಲ್ವಿಸ್ ಕಾಲು ಮಡಚಲು ಹೋಗಿ ಗಂಟು ಹಾಕಿಕೊಂಡು, ಯೋಗ ಅಂದರೆ ಹೀಗೆ ಅಂತ ಹಾಡುತ್ತಾನೆ. ನಗೋಣ, ತಪ್ಪಿಲ್ಲ. ಆದರೆ ಅದೇ ದಿನಗಳಲ್ಲಿ ಈ ಮನುಷ್ಯ ಪರಮಹಂಸ ಯೋಗಾನಂದರ ಆತ್ಮಕಥೆ ಹಿಡಿದುಕೊಂಡು ಕೂತಿದ್ದ. ಕ್ಯಾಲಿಫೋರ್ನಿಯಾದಲ್ಲಿ ಅವರು ಕಟ್ಟಿದ ಸಂಸ್ಥೆಗೆ ಹೋಗಿ ಅದರ ಮುಖ್ಯಸ್ಥೆ ದಯಾ ಮಾತಾ ಅವರನ್ನು ಕಂಡು ಮಾತಾಡಿಸಿ ಬರುತ್ತಿದ್ದ. ಮನೆಯಲ್ಲಿ ಧ್ಯಾನ, ಸೆಟ್ಟಿನಲ್ಲಿ ಅದರದ್ದೇ ಅಣಕ. ಕಾಂಟ್ರ್ಯಾಕ್ಟಿನಲ್ಲಿ ಸಂಕಟಕ್ಕೆ ಕಾಲಂ ಇರಲಿಲ್ಲ.

ಯಾಕೆ ಯಾರೂ ನಿಲ್ಲಿಸಲಿಲ್ಲ? ಎಲ್ಲರ ಲೆಕ್ಕವೂ ಸರಿಯಾಗಿತ್ತು. ಸಿನಿಮಾದಿಂದ ರೆಕಾರ್ಡು ಮಾರಾಟ, ರೆಕಾರ್ಡಿನಿಂದ ಸಿನಿಮಾಗೆ ಪ್ರಚಾರ. ಎಲ್ವಿಸ್‌ಗೆ ಚಿತ್ರಕ್ಕೆ 10 ಲಕ್ಷ ಡಾಲರ್ ತನಕ ಸಿಗುತ್ತಿತ್ತು. ನಿರ್ಮಾಪಕ ಹಾಲ್ ವಾಲಿಸ್ ಅಂತೂ 'ಬೆಕೆಟ್'ನಂಥ ಘನ ಗಂಭೀರ ಚಿತ್ರಕ್ಕೆ ದುಡ್ಡು ಹೊಂದುವುದೇ ಎಲ್ವಿಸ್ ಚಿತ್ರಗಳಿಂದ ಎಂಬರ್ಥದಲ್ಲಿ ಮಾತಾಡಿದರು. ಎಲ್ವಿಸ್‌ಗೆ ಅದು ಚುಚ್ಚಿತು. ಚುಚ್ಚದೆ ಇರುತ್ತದಾ? ಆ ಚಿತ್ರದಲ್ಲಿ ರಿಚರ್ಡ್ ಬರ್ಟನ್ ರಾಜನ ಮುಂದೆ ಧರ್ಮಾಧರ್ಮ ಚರ್ಚಿಸಲಿ ಅಂತ ಇವನು ಸಿಗಡಿ ಮುಂದೆ ಗಿಟಾರ್ ಬಾರಿಸಬೇಕು.

ಅಷ್ಟು ವರ್ಷ ಟ್ರಕ್ಕಿನಲ್ಲಿ ಕೋಳಿಗಳಿಗೆ ಹಾಡಿದ. ಹೋರಿಗೆ ಹಾಡಿದ. ತೆರಿಗೆ ಕಚೇರಿಯಲ್ಲಿ ಸಾಲಾಗಿ ಕೂತವರಿಗೆ, ಸರ್ಕಾರ ನಿಮ್ಮಪ್ಪ ಅಲ್ಲ, ದುಡ್ಡು ಕಟ್ಟಿ ಅಂತ ಹಾಡಿದ. ಟಿಕೆಟ್ ತಗೊಂಡು ಎದುರು ಕೂತ ಜನರಿಗೆ ಮಾತ್ರ ಹಾಡಲಿಲ್ಲ. 1961ರ ಮಾರ್ಚಿನಲ್ಲಿ ಪರ್ಲ್ ಹಾರ್ಬರಿನ ಕಾರ್ಯಕ್ರಮವೇ ಕೊನೆ. ಆಮೇಲೆ 1968ರ ಟಿವಿ ಕಾರ್ಯಕ್ರಮದ ತನಕ ವೇದಿಕೆಯೇ ಇಲ್ಲ. ಅದಕ್ಕೂ ಕರ್ನಲ್ ಸಾಹೇಬರು ಕ್ರಿಸ್ಮಸ್ ಹಾಡುಗಳು ಸಾಕು ಅಂದಿದ್ದರು. ನಿರ್ದೇಶಕ ಸ್ಟೀವ್ ಬಿಂಡರ್ ಕರ್ನಲ್ ಮಾತು ಕೇಳಲಿಲ್ಲ. ಎಲ್ವಿಸ್ ಕಪ್ಪು ಚರ್ಮದ ಬಟ್ಟೆ ತೊಟ್ಟು, ಸುತ್ತ ಕೂತ ಜನರ ನಡುವೆ ಬೆವರು ಸುರಿಸಿ ಹಾಡಿದ. ಒಂದು ಸಿಗಡಿಯೂ ಇರಲಿಲ್ಲ. ಜನ ಹುಚ್ಚೆದ್ದರು.

ಆದರೂ ಒಪ್ಪಿಕೊಂಡ ಚಿತ್ರಗಳು ಮುಗಿಯಬೇಕಲ್ಲ. 1969ರ ಕೊನೆಯ ಚಿತ್ರದಲ್ಲಿ ಎಲ್ವಿಸ್ ಡಾಕ್ಟರು, ಮೇರಿ ಟೈಲರ್ ಮೂರ್ ಕ್ರೈಸ್ತ ಸನ್ಯಾಸಿನಿ. ಆಕೆ ಇವನನ್ನು ಆರಿಸಬೇಕೋ, ದೇವರನ್ನೋ? ಚರ್ಚಿನಲ್ಲಿ ಡಾಕ್ಟರು ಗಿಟಾರ್ ಹಿಡಿದು ಹಾಡುತ್ತಾನೆ. ಆಕೆ ಒಮ್ಮೆ ಯೇಸುವಿನ ಕಡೆ, ಒಮ್ಮೆ ಎಲ್ವಿಸ್ ಕಡೆ ನೋಡುತ್ತಾಳೆ. ಮತ್ತೆ ಯೇಸು, ಮತ್ತೆ ಎಲ್ವಿಸ್. ಉತ್ತರ ಹೇಳದೆಯೇ ಸಿನಿಮಾ ಮುಗಿದುಹೋಗುತ್ತದೆ. ಹೇಳಿಸಲು ಇನ್ನೊಂದು ಹಾಡು ಬೇಕಿತ್ತೇನೋ, ರಾಯಲ್ಟಿ ಬಿಟ್ಟುಕೊಡುವವರು ಯಾರೂ ಸಿಗಲಿಲ್ಲ.