ಬದಲಿಸುವ ಮೊದಲು ಅಳೆದು ನೋಡುವ ರೂಢಿ

ರಷ್ಯಾದ ವೋಲ್ಗಾ ನದಿ ದಂಡೆಯ ಸಮಾರಾದಲ್ಲಿ ನೆಲೆಸಿದ ಮೇಲೆ ನಾನು ಕೊಂಡದ್ದು ಹಳೆಯ ಲಾಡಾ 2110. ಮೊದಲ ಚಳಿಗಾಲದಲ್ಲೇ, ಸಿಗ್ನಲ್ ಬಳಿ ಗೇರನ್ನು ನ್ಯೂಟ್ರಲ್‌ಗೆ ತಂದೊಡನೆ ಎಂಜಿನ್ ಆಫ್ ಆಗತೊಡಗಿತು. ನೆರೆಮನೆಯ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು ಮೊದಲು ಕೇಳಿದ್ದು ವಿದ್ಯುತ್ ಅಳೆಯುವ ಮಲ್ಟಿಮೀಟರ್ ಇದೆಯೇ ಎಂದು.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ನಿಗೆ ಬೇಕಾದ ಗಾಳಿ ಪಕ್ಕದ ಸಣ್ಣ ದಾರಿಯಿಂದ ಬರುತ್ತದೆ. ಆ ದಾರಿಯನ್ನು ಶಂಕುವಿನಾಕಾರದ ಸೂಜಿಯಿಂದ ಕಿರಿದುಗೊಳಿಸುವ, ಅಗಲಗೊಳಿಸುವ ಪುಟ್ಟ ಸ್ಟೆಪ್ಪರ್ ಮೋಟರೇ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್) ಐಡಲ್ ರೆಗ್ಯುಲೇಟರ್. ಇಲ್ಲಿ ಹಲವರು ಇದನ್ನು ತಪ್ಪಾಗಿ ಸೆನ್ಸಾರ್ ಎನ್ನುತ್ತಾರೆ. ಇದು ಏನನ್ನೂ ಅಳೆಯುವುದಿಲ್ಲ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಹೇಳಿದಷ್ಟು ಚಲಿಸುತ್ತದೆ, ಅಷ್ಟೇ. ಈ ಹಳೆಯ ಕಾರುಗಳಲ್ಲಿ ಇದು ಕೆಟ್ಟರೂ ಸಾಮಾನ್ಯವಾಗಿ ಚೆಕ್ ಎಂಜಿನ್ ದೀಪ ಹೊತ್ತುವುದಿಲ್ಲವಾದ್ದರಿಂದ, ಪರೀಕ್ಷಿಸದವರಿಗೆ ಉಳಿಯುವುದು ಊಹೆ ಮಾತ್ರ.

ಆ ಊಹೆಯ ಬೆಲೆಯನ್ನು ನಮ್ಮ ಮನೆಯವರು ಬೆಂಗಳೂರಿನಲ್ಲಿ ತೆತ್ತಿದ್ದಾರೆ. ಅಪ್ಪನ ಕಾರಿನ ಐಡ್ಲಿಂಗ್ (ನಿಂತಾಗಿನ ಎಂಜಿನ್ ವೇಗ) ಏರಿಳಿಯುತ್ತಿದ್ದಾಗ ಒಂದು ಗ್ಯಾರೇಜಿನವರು ನೇರವಾಗಿ ಹೊಸ ರೆಗ್ಯುಲೇಟರ್ ಹಾಕಿದರು. ತಿಂಗಳ ನಂತರವೂ ತೊಂದರೆ ಹಾಗೆಯೇ ಇದ್ದು, ಕೊನೆಗೆ ಸಿಕ್ಕಿದ್ದು ಸೀಳಿ ಗಾಳಿ ಸೋರುತ್ತಿದ್ದ ವ್ಯಾಕ್ಯೂಮ್ ಪೈಪು. ನಮ್ಮ ಮೆಕ್ಯಾನಿಕ್‌ಗಳ ಕಿವಿ ಬಹಳ ಸೂಕ್ಷ್ಮವಾದುದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ರೆಗ್ಯುಲೇಟರಿನ ದೋಷವನ್ನೂ ಗಾಳಿ ಸೋರಿಕೆಯನ್ನೂ ಕಿವಿಯೊಂದರಿಂದಲೇ ಬೇರ್ಪಡಿಸಲಾಗದು.

ಸಮಾರಾದ ನೆರೆಯವರು ಮಾಡಿದ್ದು ಹತ್ತು ನಿಮಿಷದ ಕೆಲಸ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಥ್ರಾಟಲ್ ಬಾಡಿಯ ಮೇಲಿನ ಎರಡು ಸ್ಕ್ರೂ ತೆಗೆದು, ರೆಗ್ಯುಲೇಟರಿನ ನಾಲ್ಕು ಪಿನ್‌ಗಳನ್ನು ಜೋಡಿಜೋಡಿಯಾಗಿ ಅಳೆದರು: ಎ-ಬಿ ನಡುವೆ ಹಾಗೂ ಸಿ-ಡಿ ನಡುವೆ 40ರಿಂದ 80 ಓಮ್ ಇರಬೇಕು, ಎ-ಸಿ ಮತ್ತು ಬಿ-ಡಿ ನಡುವೆ ಸಂಪರ್ಕವೇ ಇರಬಾರದು. ಪ್ರತಿ ಜೋಡಿಯ ಹಿಂದೆ ಮೋಟರಿನ ಒಂದು ತಂತಿ ಸುರುಳಿ ಇರುತ್ತದೆ; ನನ್ನದರಲ್ಲಿ ಒಂದು ಸುರುಳಿ ತುಂಡಾಗಿತ್ತು. ಸುರುಳಿಗಳೆರಡೂ ಸರಿಯಿದ್ದಿದ್ದರೆ ಸೂಜಿಗೂ ಗಾಳಿದಾರಿಗೂ ಹತ್ತಿದ ಮಸಿಯನ್ನು ಕ್ಲೀನರ್ ಸ್ಪ್ರೇಯಿಂದ ತೊಳೆದು ನೋಡುವುದೇ ಮುಂದಿನ ಹೆಜ್ಜೆಯಾಗುತ್ತಿತ್ತು. ಆಗಲೂ ಸೂಜಿಯನ್ನು ಕೈಯಿಂದ ಒತ್ತಬಾರದು, ಒಳಗಿನ ತಿರುಪು ಹಾಳಾಗುತ್ತದೆ.

ಹೊಸದನ್ನು ಕೂರಿಸುವ ಮೊದಲು ಅವರು ಫ್ಲೇಂಜಿನಿಂದ (ಸ್ಕ್ರೂ ಕೂರುವ ಚಪ್ಪಟೆ ಅಂಚಿನಿಂದ) ಸೂಜಿಯ ತುದಿಯವರೆಗೆ ಅಳೆದರು, ಏಕೆಂದರೆ ಅದು 23 ಮಿಲಿಮೀಟರ್ ಮೀರಬಾರದು. ರಬ್ಬರ್ ಉಂಗುರಕ್ಕೆ ಎಂಜಿನ್ ಆಯಿಲ್ ಸವರಿ, ಸ್ಕ್ರೂ ಬಿಗಿದು, ಬ್ಯಾಟರಿ ಜೋಡಿಸಿದ ಮೇಲೆ ಕೀಲಿಯನ್ನು ಇಗ್ನಿಷನ್‌ಗೆ ಮಾತ್ರ ತಿರುಗಿಸಿ, ಕಂಪ್ಯೂಟರ್ ಸೂಜಿಯ ಸ್ಥಾನವನ್ನು ಗುರುತಿಸಿಕೊಳ್ಳಲೆಂದು ಹತ್ತು ಸೆಕೆಂಡು ಕಾದರು. ಎಂಜಿನ್ ಬಿಸಿಯಾದ ಮೇಲೆ ಎಂಜಿನ್ ವೇಗ ತೋರಿಸುವ ಮುಳ್ಳು ನಿಮಿಷಕ್ಕೆ 850 ಸುತ್ತುಗಳ ಬಳಿ ಅಲುಗದೆ ನಿಂತಿತು.

ಇಲ್ಲಿಯ ಕೊರೆಯುವ ಚಳಿ ಮಾಲೀಕನಿಗೇ ಇದನ್ನೆಲ್ಲ ಕಲಿಸುತ್ತದೆ, ನಿಜ. ಆದರೆ ಏಸಿ ಹಾಕಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲುವ ಕಾರಿಗೂ ಈ ಮೋಟರ್ ಅಷ್ಟೇ ಮುಖ್ಯ. ಹಳೆಯ ರೆಗ್ಯುಲೇಟರಿನಲ್ಲಿ ಅಳೆದ ಆ ಎರಡು ಓಮ್ ಅಂಕಿಗಳನ್ನು ಬಿಲ್ಲಿನಲ್ಲಿ ಬರೆದುಕೊಡುವ ಪದ್ಧತಿ ನಮ್ಮ ಗ್ಯಾರೇಜುಗಳಿಗೂ ಬರಬೇಕು ಎಂಬುದು ನನ್ನ ಬೇಡಿಕೆ.